ಹಲ್ಲು ಕೀಳಿಸಿಕೊಳ್ಳೋದು ಹೇಗೆ: ಎರಡು ಸಲ ಕೀಳಿಸಿಕೊಂಡವನ ಮಾತು

ನನ್ನ ಬಾಯಿಂದ ಇಲ್ಲಿಯವರೆಗೆ ಎರಡು ಹಲ್ಲು ಹೋಗಿವೆ. ಎರಡೂ ಕೆಳದವಡೆಯ ಕೊನೆಯ ಹಲ್ಲು, ಅಂದರೆ ಬುದ್ಧಿ ಹಲ್ಲು. ಮೊದಲು ಹೋಗಿದ್ದು ಎಡಗಡೆಯದು. ಆಗ ಏನೇನು ಮಾಡಬಾರದೋ ಅಷ್ಟನ್ನೂ ಮಾಡಿ ನಾಲ್ಕು ರಾತ್ರಿ ಒದ್ದಾಡಿದೆ. ಎರಡು ವರ್ಷ ಬಿಟ್ಟು ಬಲಗಡೆಯದನ್ನು ಕೀಳಿಸಿದೆ. ಈ ಸಲ ಹೇಳಿದಷ್ಟು ಕೇಳಿದೆ, ಮೂರನೇ ದಿನ ಆರಾಮಾಗಿ ಕೆಲಸಕ್ಕೆ ಹೋದೆ. ಡಾಕ್ಟರ್ ಅವರೇ, ಕುರ್ಚಿ ಅದೇ. ವ್ಯತ್ಯಾಸ ಇದ್ದದ್ದು ಮನೆಗೆ ಬಂದ ಮೇಲೆ ನಾನು ಮಾಡಿದ್ದರಲ್ಲಿ.

ನಾನು ಡಾಕ್ಟರ್ ಅಲ್ಲ. ನಿಮ್ಮ ಡಾಕ್ಟರ್ ಬೇರೆ ಹೇಳಿದರೆ ಅವರ ಮಾತೇ ಕೇಳಿ. ಆದರೆ ಕ್ಲಿನಿಕ್ಕಿನಲ್ಲಿ ಅವರು ಎರಡು ನಿಮಿಷದಲ್ಲಿ ಗಡಗಡ ಹೇಳಿ ಮುಗಿಸುವುದನ್ನು ಬಾಯಲ್ಲಿ ಹತ್ತಿ ಕಚ್ಚಿಕೊಂಡು ಕೂತವನು ಅರ್ಧ ಕೇಳಿಸಿಕೊಂಡಿರುತ್ತಾನೆ, ಅಲ್ವಾ? ಆ ಉಳಿದರ್ಧಕ್ಕೆ ಇದು.

ಕೀಳಲೇಬೇಕಾ?

ನೋವು ಜೋರಾದಾಗ "ಕಿತ್ತು ಬಿಸಾಕಿ, ಸಾಕಾಗಿದೆ" ಅನ್ನಿಸುವುದು ಸಹಜ. ಆದರೆ ನೋಯುವ ಹಲ್ಲನ್ನೆಲ್ಲ ಕೀಳಬೇಕಿಲ್ಲ. ಹುಳುಕು ನರದವರೆಗೆ ಇಳಿದಿದ್ದರೂ ಹಲ್ಲಿನ ಗೋಡೆ ಗಟ್ಟಿ ಇದ್ದರೆ ರೂಟ್ ಕೆನಾಲ್ ಮಾಡಿ (ಅಂದರೆ ಒಳಗಿನ ಕೆಟ್ಟ ನರ ತೆಗೆದು, ತೊಳೆದು, ತುಂಬಿ), ಮೇಲೊಂದು ಕ್ಯಾಪ್ ಕೂರಿಸಿ ಉಳಿಸಿಕೊಳ್ಳಬಹುದು. ಖರ್ಚು ಕೀಳಿಸುವುದಕ್ಕಿಂತ ಜಾಸ್ತಿ, ಎರಡು ಮೂರು ಸಲ ಓಡಾಡಬೇಕು, ನಿಜ. ಆದರೆ ಕಿತ್ತ ಜಾಗಕ್ಕೆ ಆಮೇಲೆ ಹಲ್ಲು ಕಟ್ಟಿಸುವ ದುಡ್ಡನ್ನೂ ಸೇರಿಸಿ ಲೆಕ್ಕ ಹಾಕಿ ನೋಡಿ. ಅಗಿಯುವ ಹಲ್ಲು ಒಂದು ಹೋದರೆ ಪಕ್ಕದ್ದು ಆ ಸಂದಿಯ ಕಡೆ ವಾಲುತ್ತದೆ, ಎದುರಿನ ದವಡೆಯದು ನಿಧಾನಕ್ಕೆ ಅಲ್ಲಿಗೆ ಇಳಿಯುತ್ತದೆ, ಊಟ ಸಿಕ್ಕಿಕೊಳ್ಳಲು ಶುರುವಾಗುತ್ತದೆ. ಹಾಗಾಗಿ "ಇದನ್ನು ಉಳಿಸೋಕೆ ಆಗಲ್ವಾ ಡಾಕ್ಟ್ರೇ?" ಅಂತ ಬಾಯಿಬಿಟ್ಟು ಕೇಳಿ. ಹಲ್ಲು ಬುಡದವರೆಗೆ ಸೀಳಿದ್ದರೆ, ಸುತ್ತಲಿನ ಮೂಳೆ ಕರಗಿ ಹಲ್ಲು ಲೊಡಲೊಡ ಅಲ್ಲಾಡುತ್ತಿದ್ದರೆ ಮಾತ್ರ ಉಳಿಸುವುದು ಕಷ್ಟ.

ಬುದ್ಧಿ ಹಲ್ಲಿನ ಕತೆ ಬೇರೆ. ಅದು ಸಾಮಾನ್ಯವಾಗಿ 17ರಿಂದ 25ನೇ ವಯಸ್ಸಿನಲ್ಲಿ ಬರುತ್ತದೆ. ಅಷ್ಟು ಹೊತ್ತಿಗೆ ಉಳಿದ 28 ಹಲ್ಲು ಜಾಗ ಹಿಡಿದು ಕೂತಿರುತ್ತವೆ. ತಡವಾಗಿ ಬಸ್ಸು ಹತ್ತಿದವನ ಹಾಗೆ ಇದು ಸಂದಿಯಲ್ಲಿ ಓರೆಯಾಗಿ ನುಗ್ಗುತ್ತದೆ. ಅರ್ಧ ಹೊರಗೆ, ಅರ್ಧ ಒಸಡಿನ ಒಳಗೆ. ಒಸಡಿನ ಆ ಮಡಿಕೆಯ ಕೆಳಗೆ ಅನ್ನ ಸೇರಿ ಕೊಳೆತು ತಿಂಗಳಿಗೊಮ್ಮೆ ಊದುತ್ತದೆ, ಬಾಯಿ ತೆಗೆಯಲು ಬರುವುದಿಲ್ಲ, ಮಾತ್ರೆ ನುಂಗಿದರೆ ಇಳಿಯುತ್ತದೆ, ಮತ್ತೆ ಬರುತ್ತದೆ. ಹೀಗಾಗುತ್ತಿದ್ದರೆ, ಅಥವಾ ಅದು ಒತ್ತಿ ಒತ್ತಿ ಪಕ್ಕದ ಒಳ್ಳೆಯ ಹಲ್ಲನ್ನೂ ಹಾಳು ಮಾಡುತ್ತಿದ್ದರೆ ತೆಗೆಸಿ. ನೆಟ್ಟಗೆ ಬಂದಿದೆ, ಬ್ರಶ್ ತಲುಪುತ್ತದೆ, ತೊಂದರೆ ಇಲ್ಲ ಅಂದರೆ ಸುಮ್ನೆ ಯಾಕೆ ಮುಟ್ಟೋದು.

"ಮೇಲಿನ ಹಲ್ಲು ಕೀಳಿಸಬೇಡ, ಕಣ್ಣು ಹೋಗುತ್ತೆ" ಅನ್ನುವ ಮಾತು ನಮ್ಮ ಕಡೆ ಪ್ರತಿ ಮನೆಯಲ್ಲೂ ಒಬ್ಬರಾದರೂ ಹೇಳುತ್ತಾರೆ. ಹಾಗೇನೂ ಆಗುವುದಿಲ್ಲ. ನೋಟಕ್ಕೆ ಇರುವ ನರವೇ ಬೇರೆ, ಹಲ್ಲಿಗೆ ಹೋಗುವ ನರವೇ ಬೇರೆ. ಕೀವಾದ ಮೇಲಿನ ಕೋರೆಹಲ್ಲನ್ನು ಹಾಗೇ ಬಿಟ್ಟರೆ ಬಾವು ಕಣ್ಣಿನ ಕೆಳಗಿನ ತನಕ ಏರುತ್ತದೆ. ಭಯ ಪಡಬೇಕಾದ್ದು ಅದಕ್ಕೆ.

ಹೋಗುವ ಮುಂಚೆ

ನೀವು ತಿನ್ನುವ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಹೋಗಿ. ಹೆಸರು ನೆನಪಿಟ್ಟುಕೊಂಡು ಹೇಳುತ್ತೇನೆ ಅಂತ ಹೊರಡಬೇಡಿ, ಆ ಕುರ್ಚಿಯಲ್ಲಿ ಏನೂ ನೆನಪಿಗೆ ಬರುವುದಿಲ್ಲ.

ಯಾಕೆ ಹೇಳಿದೆ ಅಂದರೆ, ನಮ್ಮಮ್ಮನ ಹಲ್ಲು ಕೀಳಿಸಬೇಕಾದಾಗ ಪಕ್ಕದ ಮನೆಯವರು "ಎಕೋಸ್ಪ್ರಿನ್ ತಿಂದರೆ ರಕ್ತ ನಿಲ್ಲಲ್ಲ ಕಣ್ರೀ, ಒಂದು ವಾರ ಬಿಟ್ಟುಬಿಡಿ" ಅಂದಿದ್ದರು. (ಎಕೋಸ್ಪ್ರಿನ್ ಅಂದರೆ ಹೃದಯದ ತೊಂದರೆಗೆ ಕೊಡುವ ಸಣ್ಣ ಡೋಸಿನ ಆಸ್ಪಿರಿನ್, ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ.) ಅಮ್ಮ ಯಾರಿಗೂ ಹೇಳದೆ ಬಿಟ್ಟೂ ಬಿಟ್ಟಿದ್ದರು. ಡಾಕ್ಟರ್ ಕೇಳಿದಾಗ ಹೆಮ್ಮೆಯಿಂದ "ಐದು ದಿನ ಆಯ್ತಮ್ಮ, ಮುಟ್ಟಿಲ್ಲ" ಅಂದರು. ಆ ಡಾಕ್ಟರ್ ಹುಡುಗಿ ಕೈಗವಸು ತೆಗೆದು ಕೆಳಗಿಟ್ಟು, ಅಮ್ಮನ ಪಕ್ಕ ಕೂತು, "ಅಮ್ಮಾ, ಹಲ್ಲಿನ ರಕ್ತ ನಾನು ನಿಲ್ಲಿಸ್ತೀನಿ. ಹೃದಯಕ್ಕೆ ಏನಾದ್ರೂ ಆದ್ರೆ ನನ್ನ ಕೈಲಾಗಲ್ಲ" ಅಂದರು. ಅವತ್ತು ಕೀಳಲಿಲ್ಲ. ಹೃದಯದ ಡಾಕ್ಟರಿಗೆ ಫೋನ್ ಮಾಡಿ, ಮಾತ್ರೆ ಮತ್ತೆ ಶುರು ಮಾಡಿಸಿ, ಆಮೇಲಿನ ವಾರ ಕಿತ್ತರು. ಒಂದು ಹೊಲಿಗೆ ಹಾಕಿದರು, ರಕ್ತ ನಿಂತಿತು. ಸಣ್ಣ ಡೋಸಿನ ಆಸ್ಪಿರಿನ್ನನ್ನು ಒಂದು ಹಲ್ಲಿಗೋಸ್ಕರ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಅಸಿಟ್ರೋಂ ತರದ ಮಾತ್ರೆ ತಿನ್ನುವವರಿಗೆ ಮೊದಲು, ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಅಂತ ನೋಡುವ ಐಎನ್‌ಆರ್ ರಕ್ತಪರೀಕ್ಷೆ ಮಾಡಿಸುತ್ತಾರೆ. ಯಾವುದನ್ನೂ ನೀವಾಗಿ ಬಿಡಬೇಡಿ.

ಶುಗರ್, ಬಿಪಿ ಇದ್ದರೆ ಹೇಳಿ. ಹೃದಯದ ವಾಲ್ವ್ ಬದಲಾಯಿಸಿದ್ದರೆ ಅಥವಾ ಹಿಂದೆ ಹೃದಯದ ಒಳಪದರಕ್ಕೆ ಸೋಂಕಾಗಿದ್ದರೆ ಮರೆಯದೆ ಹೇಳಿ, ಕೀಳುವುದಕ್ಕೆ ಮುಂಚೆಯೇ ಆ್ಯಂಟಿಬಯಾಟಿಕ್ ಕೊಡಬೇಕಾಗುತ್ತದೆ. ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ ಅಥವಾ ವರ್ಷಕ್ಕೊಂದು ಇಂಜೆಕ್ಷನ್ ತಗೊಳ್ಳುವ ಹೆಂಗಸರು ಇದನ್ನು ಹಲ್ಲಿನ ಡಾಕ್ಟರಿಗೆ ಹೇಳುವುದೇ ಇಲ್ಲ, ಹಲ್ಲಿಗೂ ಅದಕ್ಕೂ ಏನು ಸಂಬಂಧ ಅಂತ. ಸಂಬಂಧ ಇದೆ. ಆ ಔಷಧಿಗಳಿಂದ ಕೆಲವರಿಗೆ ಕಿತ್ತ ಜಾಗದ ದವಡೆ ಮೂಳೆ ಮಾಯುವುದಿಲ್ಲ. ಬಸುರಿಯಾಗಿದ್ದರೂ ಹೇಳಿ, ಕಾಯಬಹುದಾದರೆ ನಡುವಿನ ಮೂರು ತಿಂಗಳಿಗೆ ಹಾಕಿಕೊಳ್ಳುತ್ತಾರೆ.

ಹೊಟ್ಟೆ ತುಂಬಾ ತಿಂಡಿ ತಿಂದು ಹೋಗಿ. ಆಪರೇಷನ್ ಅಂದರೆ ಖಾಲಿ ಹೊಟ್ಟೆ ಅಂತ ಅಂದುಕೊಂಡು ಹೋಗುವವರು ಬಹಳ. ಇಲ್ಲಿ ಪ್ರಜ್ಞೆ ತಪ್ಪಿಸುವುದಿಲ್ಲ, ಬರೀ ಆ ಜಾಗ ಮರಗಟ್ಟಿಸುತ್ತಾರೆ. ಖಾಲಿ ಹೊಟ್ಟೆಗೆ ಹೋದರೆ ಸೂಜಿ ನೋಡಿಯೇ ತಲೆ ತಿರುಗುತ್ತದೆ. ಶುಗರ್ ಇರುವವರಂತೂ ತಿಂದು, ಮಾತ್ರೆ ತಗೊಂಡು, ಬೆಳಗಿನ ಹೊತ್ತಿನ ಅಪಾಯಿಂಟ್‌ಮೆಂಟೇ ಕೇಳಿ. (ಪೂರ್ತಿ ಅರಿವಳಿಕೆ ಕೊಟ್ಟು ಆಸ್ಪತ್ರೆಯಲ್ಲಿ ಮಾಡುವುದಾದರೆ ಮಾತ್ರ ಉಪವಾಸ. ಅದನ್ನು ಅವರೇ ಹೇಳುತ್ತಾರೆ.)

ನೋವು ತಡೆಯಲು ಲವಂಗದೆಣ್ಣೆ ಹತ್ತಿಯಲ್ಲಿ ಅದ್ದಿ ಹುಳುಕಿಗೆ ಇಟ್ಟುಕೊಳ್ಳಿ, ಒಂದೆರಡು ಹನಿ, ಪರವಾಗಿಲ್ಲ. ಆದರೆ ನೋವಿನ ಮಾತ್ರೆಯನ್ನು ಪುಡಿ ಮಾಡಿ ಒಸಡಿಗೆ ಒತ್ತಬೇಡಿ. ನಮ್ಮ ಚಿಕ್ಕಪ್ಪ ಹಾಗೆ ಮಾಡಿ ಒಸಡು ಸುಟ್ಟುಕೊಂಡು ಬೆಳ್ಳಗೆ ಮಾಡಿಕೊಂಡಿದ್ದರು. ಹಲ್ಲಿನ ನೋವು ಹಾಗೇ ಇತ್ತು, ಮೇಲೆ ಸುಟ್ಟ ನೋವು.

ಎಲ್ಲಿಗೆ ಹೋಗೋದು? ಸುಮ್ಮನೆ ಅಲ್ಲಾಡುವ ಹಲ್ಲಾದರೆ ಹತ್ತಿರದ ಬಿಡಿಎಸ್ ಡಾಕ್ಟರ್ ಸಾಕು. ಮೂಳೆಯೊಳಗೆ ಅಡ್ಡ ಮಲಗಿದ ಬುದ್ಧಿ ಹಲ್ಲಾದರೆ ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸೆಯಲ್ಲಿ ಎಂಡಿಎಸ್ ಮಾಡಿದವರು ಕೀಳಲಿ, ಎಷ್ಟೋ ಕ್ಲಿನಿಕ್ಕುಗಳು ಅಂಥವರನ್ನು ವಾರಕ್ಕೊಮ್ಮೆ ಕರೆಸುತ್ತವೆ. ದುಡ್ಡಿನ ಚಿಂತೆ ಇದ್ದರೆ ದಂತ ಕಾಲೇಜುಗಳನ್ನು ಮರೆಯಬೇಡಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಪಕ್ಕ ಸರ್ಕಾರಿ ದಂತ ಕಾಲೇಜು ಇದೆ. ದಾವಣಗೆರೆ, ಧಾರವಾಡ, ಮಂಗಳೂರು, ಮಣಿಪಾಲ, ಮೈಸೂರು ಕಡೆಯವರಿಗೆ ಅಲ್ಲಲ್ಲೇ ಕಾಲೇಜುಗಳಿವೆ. ಕೀಳುವುದು ವಿದ್ಯಾರ್ಥಿಗಳು, ಹಿಂದೆ ಮೇಷ್ಟ್ರು ನಿಂತಿರುತ್ತಾರೆ. ಸಮಯ ಹಿಡಿಯುತ್ತದೆ, ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಬೇಕು. ಕ್ಲಿನಿಕ್ಕಿನಲ್ಲಿ ನನ್ನ ಎರಡನೇ ಹಲ್ಲಿಗೆ ಎಕ್ಸರೆ, ಮಾತ್ರೆ ಎಲ್ಲಾ ಸೇರಿ 6,500 ರೂಪಾಯಿ ಆಯಿತು. ಊರಿಂದ ಊರಿಗೆ, ಹಲ್ಲಿಂದ ಹಲ್ಲಿಗೆ ಇದು ಬೇರೆ ಬೇರೆ, ಮೊದಲೇ ಕೇಳಿಕೊಳ್ಳಿ.

ಎಕ್ಸರೆ ಬೇಡ ಅನ್ನಬೇಡಿ. ಬುದ್ಧಿ ಹಲ್ಲಿಗೆ ಇಡೀ ದವಡೆ ಕಾಣುವ ಒಪಿಜಿ ತೆಗೆಸುತ್ತಾರೆ, ಗಲ್ಲ ಒಂದು ಕಡೆ ಊರಿ ನಿಂತರೆ ಯಂತ್ರ ತಲೆ ಸುತ್ತ ತಿರುಗುತ್ತದೆ, ಅಷ್ಟೇ. ಕೆಳದವಡೆಯ ಒಳಗೆ ತುಟಿಗೆ ಹೋಗುವ ನರವೊಂದಿದೆ. ಹಲ್ಲಿನ ಬೇರು ಅದಕ್ಕೆ ಎಷ್ಟು ಹತ್ತಿರ ಇದೆ ಅಂತ ಅದರಲ್ಲಿ ಕಾಣುತ್ತದೆ. "ನರಕ್ಕೆ ತಾಗುತ್ತಾ? ತುಟಿ ಮರಗಟ್ಟಿದ ಹಾಗೇ ಉಳಿಯೋ ಸಾಧ್ಯತೆ ಇದೆಯಾ?" ಇದನ್ನು ಕೀಳುವ ಮುಂಚೆಯೇ ಕೇಳಿ.

ಕುರ್ಚಿಯಲ್ಲಿ

ಸೂಜಿ ಚುಚ್ಚುವಾಗ ನೋವಿದೆ, ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಇರುವೆ ಕಚ್ಚಿದ ಹಾಗೆ ಅನ್ನುತ್ತಾರೆ, ನನ್ನ ಪ್ರಕಾರ ಕಟ್ಟಿರುವೆ. ಹತ್ತು ಸೆಕೆಂಡು. ಮದ್ದು ಲಿಗ್ನೊಕೇನ್, ಅದರ ಜೊತೆ ಸ್ವಲ್ಪ ಅಡ್ರಿನಲಿನ್ ಬೆರೆಸಿರುತ್ತಾರೆ, ರಕ್ತನಾಳ ಬಿಗಿಯಾಗಿ ಮದ್ದು ಅಲ್ಲೇ ನಿಲ್ಲಲಿ ಅಂತ. ಅದರಿಂದ ಒಂದೆರಡು ನಿಮಿಷ ಎದೆ ಡವಡವ ಅನ್ನಬಹುದು. ಹೆದರಬೇಡಿ, ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ಕೆಳತುಟಿಯ ಅರ್ಧ, ನಾಲಿಗೆಯ ಅರ್ಧ ನಿಮ್ಮದಲ್ಲ ಅನ್ನಿಸಲು ಶುರುವಾಗುತ್ತದೆ, ತುಟಿ ಮುಟ್ಟಿಕೊಂಡರೆ ಯಾರದೋ ತುಟಿ ಮುಟ್ಟಿದ ಹಾಗೆ. ಹಾಗಾಗದಿದ್ದರೆ ಹೇಳಿ, ಇನ್ನೊಂದು ಚುಚ್ಚುತ್ತಾರೆ. ಕೀವು ತುಂಬಿದ ಜಾಗದಲ್ಲಿ ಮದ್ದು ಸರಿಯಾಗಿ ಹತ್ತುವುದಿಲ್ಲ.

"ನೋವಾದ್ರೆ ಎಡಗೈ ಎತ್ತಿ ಸಾರ್" ಅಂದರು ನಮ್ಮ ಡಾಕ್ಟರ್ ಮೇಡಂ. ನೋವಾಗುವುದಿಲ್ಲ, ಆದರೆ ಒತ್ತಡ ಗೊತ್ತಾಗುತ್ತದೆ, ಮತ್ತು ಮೊದಲ ಸಲ ಹೋದವರು ಒತ್ತಡವನ್ನೇ ನೋವು ಅಂತ ತಿಳಿದು ಗಾಬರಿಯಾಗುತ್ತಾರೆ. ಹಲ್ಲನ್ನು ಇಕ್ಕಳ ಹಾಕಿ ಒಂದೇ ಸಲ ಎಳೆಯುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಮೊದಲು ಸಪೂರ ಮೀಟುಗೋಲೊಂದನ್ನು ಹಲ್ಲು ಮತ್ತು ಮೂಳೆಯ ನಡುವೆ ತೂರಿಸಿ ಮೀಟುತ್ತಾರೆ. ಹಲ್ಲು ಮೂಳೆಗೆ ನೇರ ಅಂಟಿಕೊಂಡಿರುವುದಿಲ್ಲ, ನಡುವೆ ಸಣ್ಣ ನಾರಿನ ಪದರ ಇರುತ್ತದೆ, ಅದು ಬಿಡಬೇಕು. ತೆಂಗಿನ ಗಿಟುಕನ್ನು ಚಿಪ್ಪಿನಿಂದ ಬಿಡಿಸುವುದನ್ನು ನೋಡಿದ್ದೀರಲ್ಲ, ಅದೇ ಕೈಚಳಕ. ಸುತ್ತ ಸಡಿಲವಾದ ಮೇಲೆ ಇಕ್ಕಳ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಿ ತೆಗೆಯುತ್ತಾರೆ. ಆಗ "ಕಟ್" ಅಂತ ಶಬ್ದ ಬರುತ್ತದೆ, ತಲೆಬುರುಡೆಯ ಒಳಗಿಂದಲೇ ಕೇಳಿಸಿದ ಹಾಗೆ. ಈ ಶಬ್ದದ ಬಗ್ಗೆ ನನಗೆ ಯಾರೂ ಮೊದಲೇ ಹೇಳಿರಲಿಲ್ಲ, ದವಡೆಯೇ ಮುರಿಯಿತು ಅಂದುಕೊಂಡೆ. ಬುದ್ಧಿ ಹಲ್ಲು ಅಡ್ಡ ಇದ್ದರೆ ಒಸಡು ಸ್ವಲ್ಪ ಕುಯ್ದು, ಹಲ್ಲನ್ನು ಎರಡು ತುಂಡು ಮಾಡಿ ಒಂದೊಂದೇ ತೆಗೆಯುತ್ತಾರೆ, ಡ್ರಿಲ್ ಶಬ್ದ, ನೀರು, ಅರ್ಧ ಗಂಟೆ ಮುಕ್ಕಾಲು ಗಂಟೆ. ಮೂಗಿನಲ್ಲಿ ಉಸಿರಾಡಿ. ಕಾಲ್ಬೆರಳು ಅಲ್ಲಾಡಿಸುತ್ತಾ ಇರಿ, ಯಾಕೋ ಗೊತ್ತಿಲ್ಲ, ನನಗೆ ಅದು ಕೆಲಸ ಮಾಡಿತು.

ಆ ಹೆಪ್ಪನ್ನು ಕಾಯಿರಿ

ಕಿತ್ತ ಗುಂಡಿಯ ಮೇಲೆ ಹತ್ತಿ ಉಂಡೆ ಇಟ್ಟು ಕಚ್ಚಿಕೊಳ್ಳಿ ಅನ್ನುತ್ತಾರೆ. ಅರ್ಧ ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿ. ಐದು ನಿಮಿಷಕ್ಕೊಮ್ಮೆ ತೆಗೆದು ರಕ್ತ ನಿಂತಿತಾ ಅಂತ ಕನ್ನಡಿಯಲ್ಲಿ ನೋಡಬೇಡಿ. ಆ ಗುಂಡಿಯಲ್ಲಿ ರಕ್ತ ಹೆಪ್ಪುಗಟ್ಟಬೇಕು, ಅದೇ ಅದರ ಮುಚ್ಚಳ, ಅದೇ ಔಷಧಿ, ಅದರ ಮೇಲೇ ಹೊಸ ಒಸಡು ಬೆಳೆಯುವುದು. ಹಾಲಿಗೆ ಹೆಪ್ಪು ಹಾಕಿ ಇಟ್ಟ ಮೇಲೆ ಪಾತ್ರೆ ಅಲ್ಲಾಡಿಸಿದರೆ ಅಜ್ಜಿ ಬೈಯುತ್ತಿದ್ದರಲ್ಲ, ಹಾಗೆ ತಿಳಿದುಕೊಳ್ಳಿ. ಮೊದಲ 24 ಗಂಟೆ ಅದನ್ನು ಅಲ್ಲಾಡಿಸುವ ಏನನ್ನೂ ಮಾಡಬಾರದು.

ಅಂದರೆ: ಉಗುಳಬೇಡಿ, ಎಂಜಲು ನುಂಗಿ. ಬಾಯಿ ಮುಕ್ಕಳಿಸಬೇಡಿ. ಸ್ಟ್ರಾ ಹಾಕಿ ಏನನ್ನೂ ಹೀರಬೇಡಿ. ಎಳನೀರು ಒಳ್ಳೆಯದು ಅಂತ ಯಾರಾದರೂ ತರುತ್ತಾರೆ, ಲೋಟಕ್ಕೆ ಸುರಿದು ಕುಡಿಯಿರಿ. ಬಿಸಿ ಬೇಡ. ಬೀಡಿ, ಸಿಗರೇಟು, ಗುಟ್ಕಾ, ಕಡ್ಡಿಪುಡಿ, ಎಲೆ ಅಡಿಕೆ ಯಾವುದೂ ಬೇಡ, ಇವು ಒಂದು ದಿನಕ್ಕಲ್ಲ, ಕಡಿಮೆ ಅಂದರೂ ಮೂರು ದಿನ, ವಾರ ಬಿಟ್ಟರೆ ಇನ್ನೂ ಒಳ್ಳೆಯದು. ನಾಲಿಗೆ ತುದಿ ತಾನಾಗಿ ಆ ಗುಂಡಿ ಹುಡುಕಿಕೊಂಡು ಹೋಗುತ್ತದೆ, ಅದನ್ನು ತಡೆಯುವುದೇ ಎಲ್ಲಕ್ಕಿಂತ ಕಷ್ಟ.

ಮೊದಲ ಸಲ ನಾನು ಮಾಡಿದ್ದು ಹೇಳುತ್ತೇನೆ. ಸಂಜೆ ಬಾಯೆಲ್ಲ ಕಬ್ಬಿಣದ ರುಚಿ. ಬಚ್ಚಲಿಗೆ ಹೋಗಿ ಗಳಗಳ ಮುಕ್ಕಳಿಸಿ ಉಗುಳಿದೆ, ಬಾಯಿ ಹಗುರಾಯಿತು, ಮಜಾ ಅನ್ನಿಸಿತು. ಆಮೇಲೆ ಬಿಸಿ ಬಿಸಿ ಫಿಲ್ಟರ್ ಕಾಫಿ. ಎರಡು ದಿನ ಏನೂ ಆಗಲಿಲ್ಲ, ಎಲ್ಲರೂ ಸುಮ್ಮನೆ ಹೆದರಿಸುತ್ತಾರೆ ಅಂತ ಗೆಳೆಯರಿಗೆ ಹೇಳಿದೆ. ಮೂರನೇ ದಿನ ರಾತ್ರಿ ಶುರುವಾಯಿತು ನೋಡಿ. ಹಲ್ಲಿಲ್ಲದ ಜಾಗದಲ್ಲಿ ಹಲ್ಲುನೋವು. ಅಲ್ಲಿಂದ ಕಿವಿಗೆ, ಕಿವಿಯಿಂದ ಕಪಾಲಕ್ಕೆ, ನಾಡಿ ಬಡಿದ ಹಾಗೆ ಧಂ ಧಂ. ಬಾಯಿಂದ ನನಗೇ ತಡೆಯಲಾಗದ ವಾಸನೆ. ಇದಕ್ಕೆ ಡ್ರೈ ಸಾಕೆಟ್ ಅನ್ನುತ್ತಾರೆ, ಹೆಪ್ಪು ಬಿದ್ದುಹೋಗಿ ಒಳಗಿನ ಮೂಳೆ ಬಯಲಾಗುವುದು. ಎಲ್ಲಾ ಸರಿ ಮಾಡಿದವರಿಗೂ ಒಮ್ಮೊಮ್ಮೆ ಬರುತ್ತದೆ, ಕೆಳಗಿನ ಬುದ್ಧಿ ಹಲ್ಲು ತೆಗೆಸಿದವರಿಗೆ, ಸಿಗರೇಟು ಸೇದುವವರಿಗೆ ಜಾಸ್ತಿ. ಕಿತ್ತ ದಿನ ನೋವಿದ್ದು ದಿನದಿಂದ ದಿನಕ್ಕೆ ಇಳಿಯುತ್ತಾ ಹೋದರೆ ಅದು ಸರಿಯಾದ ದಾರಿ. ಇಳಿದದ್ದು ಮೂರು ನಾಲ್ಕನೇ ದಿನ ತಿರುಗಿ ಏರಿದರೆ ಮನೆಯಲ್ಲಿ ಮಾತ್ರೆ ನುಂಗುತ್ತಾ ಕೂರಬೇಡಿ, ನಾನು ಕೂತೆ. ಡಾಕ್ಟರ್ ಅದನ್ನು ತೊಳೆದು, ಲವಂಗದ ವಾಸನೆಯ ಮದ್ದೊಂದನ್ನು ಗುಂಡಿಗೆ ತುಂಬಿದರು, ಅರ್ಧ ಗಂಟೆಯಲ್ಲಿ ನಿದ್ದೆ ಬರುವಷ್ಟು ಆರಾಮಾಯಿತು. ನಾಲ್ಕು ರಾತ್ರಿ ಯಾಕೆ ಕಾದೆನೋ.

24 ಗಂಟೆ ಆದ ಮೇಲೆ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟ ಆದಾಗಲೆಲ್ಲ ಬಾಯಿಗೆ ತಗೊಂಡು ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ತಾನಾಗಿ ಬಿದ್ದುಹೋಗಲು ಬಿಡಿ. ಗಳಗಳ ಬೇಡ. ಉಳಿದ ಹಲ್ಲುಗಳನ್ನು ಮೆಲ್ಲಗೆ ಬ್ರಶ್ ಮಾಡಬಹುದು.

ಕೆನ್ನೆ ಊದುತ್ತದೆ. ಬುದ್ಧಿ ಹಲ್ಲಾದರೆ ಎರಡನೇ ಮೂರನೇ ದಿನಕ್ಕೆ ಜಾಸ್ತಿ, ಆಮೇಲೆ ಇಳಿಯುತ್ತದೆ. ಮೊದಲ ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ ಹೊರಗಿನಿಂದ 15 ನಿಮಿಷ ಇಟ್ಟು 15 ನಿಮಿಷ ಬಿಡಿ. ಮನೆಯಲ್ಲಿ ಹಿರಿಯರು ಶಾಖ ಕೊಡಲು ಬಟ್ಟೆ ಬಿಸಿ ಮಾಡಿಕೊಂಡು ಬರುತ್ತಾರೆ, ಮೊದಲ ದಿನ ಖಂಡಿತ ಬೇಡ, ರಕ್ತ ಜಾಸ್ತಿಯಾಗುತ್ತದೆ. ರಾತ್ರಿ ಒಂದು ದಿಂಬು ಜಾಸ್ತಿ ಹಾಕಿ ಮಲಗಿ, ದಿಂಬಿಗೆ ಹಳೇ ಟವೆಲ್ ಹೊದಿಸಿ.

ಊಟ

ಮರಗಟ್ಟಿದ್ದು ಬಿಡುವ ತನಕ, ಅಂದರೆ ಎರಡರಿಂದ ನಾಲ್ಕು ಗಂಟೆ, ಅಗಿಯುವಂಥದ್ದು ಏನೂ ತಿನ್ನಬೇಡಿ. ತುಟಿ, ಕೆನ್ನೆ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ಮಕ್ಕಳಂತೂ ತಮಾಷೆಗೆ ತುಟಿ ಅಗಿದು ಗಾಯ ಮಾಡಿಕೊಳ್ಳುತ್ತವೆ, ಕಣ್ಣಿಟ್ಟಿರಿ.

ಮೊದಲ ದಿನ ಐಸ್ ಕ್ರೀಂ (ಗೋಡಂಬಿ, ಕೋನ್ ಇಲ್ಲದ್ದು), ಆರಿದ ಗಂಜಿ, ತಣ್ಣಗಿನ ರಾಗಿ ಅಂಬಲಿ, ಮೊಸರನ್ನ. ಮೊಸರನ್ನಕ್ಕೆ ಒಗ್ಗರಣೆ ಬೇಡ. ಇದನ್ನು ಯಾವ ಡಾಕ್ಟರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಒಂದು ಸಾಸಿವೆ ಕಾಳು ಆ ಗುಂಡಿಗೆ ಇಳಿದರೆ ಅದಕ್ಕೆ ಅಳತೆ ತೆಗೆದು ಮಾಡಿಸಿದ ಹಾಗೆ ಕೂರುತ್ತದೆ. ನಾನು ಟಾರ್ಚು ಹಾಕಿಕೊಂಡು ಕನ್ನಡಿ ಮುಂದೆ ನಿಂತು ಅದನ್ನೇ ನೋಡುತ್ತಾ, ಕಡ್ಡಿಯಲ್ಲಿ ಕೀಳಲೂ ಆಗದೆ ಬಿಡಲೂ ಆಗದೆ ಅರ್ಧ ಗಂಟೆ ಕಳೆದಿದ್ದೇನೆ. (ಕಡ್ಡಿ ಹಾಕಬೇಡಿ. ಉಪ್ಪುನೀರಿಗೆ ಮಾರನೇ ದಿನ ತಾನೇ ಬಂತು.) ಇದೇ ಕಾರಣಕ್ಕೆ ಎಳ್ಳು, ಚಿರೋಟಿ ರವೆಯ ಉಪ್ಪಿಟ್ಟು, ಖಾರದ ಪುಡಿ ಉದುರಿಸಿದ್ದು ಎಲ್ಲಾ ದೂರ ಇಡಿ. ದಾವಣಗೆರೆ ಕಡೆಯವರಿಗೆ ವಾರಗಟ್ಟಲೆ ಮಂಡಕ್ಕಿ ಮೆಣಸಿನಕಾಯಿ ಬಿಡಿ ಅನ್ನುವುದು ಹಲ್ಲು ಕಿತ್ತಿದ್ದಕ್ಕಿಂತ ದೊಡ್ಡ ಶಿಕ್ಷೆ, ಆದರೂ ಬಿಡಿ. ಹಳೇ ಮೈಸೂರಿನವರು ಪುಣ್ಯವಂತರು. ಮುದ್ದೆ ಅಗಿಯುವುದೇ ಇಲ್ಲವಲ್ಲ, ಎರಡನೇ ದಿನ ಆರಿದ ಮುದ್ದೆಯನ್ನು ಖಾರ ಕಡಿಮೆ ಇರುವ ಸಾರಿನಲ್ಲಿ ಅದ್ದಿ ನುಂಗಿದರೆ ಮುಗಿಯಿತು.

ಮಾತ್ರೆ

ನೋವಿನ ಮೊದಲ ಮಾತ್ರೆಯನ್ನು ಮರಗಟ್ಟಿದ್ದು ಪೂರ್ತಿ ಬಿಡುವ ಮುಂಚೆ, ಏನಾದರೂ ಕುಡಿದು ತಗೊಳ್ಳಿ. ನೋವು ಶುರುವಾದ ಮೇಲೆ ಅದನ್ನು ಹಿಡಿಯುವುದು ಕಷ್ಟ. ಗ್ಯಾಸ್ಟ್ರಿಕ್ ಹುಣ್ಣು, ಕಿಡ್ನಿ ತೊಂದರೆ, ಅಸ್ತಮಾ ಇರುವವರಿಗೆ ಕೆಲವು ನೋವಿನ ಮಾತ್ರೆ ಆಗುವುದಿಲ್ಲ, ಮೊದಲೇ ಹೇಳಿ. ಆ್ಯಂಟಿಬಯಾಟಿಕ್ ಎಲ್ಲರಿಗೂ ಬೇಕಾಗುವುದಿಲ್ಲ. ಬರೆದುಕೊಟ್ಟಿದ್ದರೆ ಹೇಳಿದಷ್ಟು ದಿನ ಮುಗಿಸಿ, ಕೊಟ್ಟಿಲ್ಲ ಅಂದರೆ ಮೆಡಿಕಲ್ ಶಾಪಿನವನನ್ನು ಕೇಳಿ ತಗೊಳ್ಳಬೇಡಿ. ಮೆಟ್ರೊನಿಡಜೋಲ್ ಕೊಟ್ಟಿದ್ದರೆ ಕುಡಿಯುವವರು ಆ ದಿನಗಳಲ್ಲಿ ಎಣ್ಣೆ ಮುಟ್ಟಬೇಡಿ, ವಾಂತಿ ಬರಬಹುದು.

ಯಾವಾಗ ಫೋನ್ ಮಾಡಬೇಕು

ಮೊದಲ ದಿನ ಎಂಜಲು ಕೆಂಪಗೆ ಬರುವುದು ಮಾಮೂಲು. ಒಂದು ಹನಿ ರಕ್ತ ಬಾಯಿ ತುಂಬಾ ಎಂಜಲನ್ನು ಕೆಂಪು ಮಾಡುತ್ತದೆ. ಆದರೆ ಬಾಯಿ ಪದೇ ಪದೇ ರಕ್ತದಿಂದಲೇ ತುಂಬುತ್ತಿದ್ದರೆ ಶುದ್ಧ ಹತ್ತಿಬಟ್ಟೆಯನ್ನು ಮಡಿಸಿ, ಒದ್ದೆ ಮಾಡಿ, ಗುಂಡಿಯ ಮೇಲಿಟ್ಟು ನೆಟ್ಟಗೆ ಕೂತು ಅರ್ಧ ಗಂಟೆ ಕಚ್ಚಿ. ನೆನೆಸಿದ ಟೀ ಬ್ಯಾಗ್ ಇದ್ದರೆ ಅದೂ ಆಗುತ್ತದೆ, ಟೀಯ ಒಗರು ರಕ್ತ ಕಟ್ಟಲು ನೆರವಾಗುತ್ತದೆ. ಆಗಲೂ ನಿಲ್ಲದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಮೇಲಿನ ದವಡೆ ಹಲ್ಲು ಕಿತ್ತ ಮೇಲೆ ಕುಡಿದ ನೀರು ಮೂಗಿನಲ್ಲಿ ಬಂದರೆ, ಮರುದಿನವೂ ತುಟಿ ಮರಗಟ್ಟಿದ ಹಾಗೇ ಇದ್ದರೆ, ಚಳಿ ಜ್ವರ ಬಂದರೆ ಆಗಲೂ ಅಷ್ಟೇ. ಗದ್ದದ ಕೆಳಗೆ, ಕುತ್ತಿಗೆಗೆ ಬಾವು ಇಳಿದು ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಮಾತ್ರ ಕ್ಲಿನಿಕ್ ತೆಗೆಯುವ ತನಕ ಕಾಯುವ ಮಾತೇ ಇಲ್ಲ. ಅದು ಜೀವಕ್ಕೆ ಅಪಾಯ. ಆಗಲೇ ದೊಡ್ಡಾಸ್ಪತ್ರೆಗೆ ಹೋಗಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಆಮೇಲೆ

ಕಪ್ಪು ರೇಷ್ಮೆ ದಾರದ ಹೊಲಿಗೆಯಾದರೆ ವಾರಕ್ಕೆ ಬಿಚ್ಚಿಸಬೇಕು, ಕರಗುವ ದಾರವಾದರೆ ತಾನೇ ಹೋಗುತ್ತದೆ, ಯಾವುದು ಅಂತ ಕೇಳಿಕೊಂಡು ಬನ್ನಿ. ಒಸಡು ಮುಚ್ಚಲು ಎರಡು ಮೂರು ವಾರ, ಒಳಗೆ ಮೂಳೆ ತುಂಬಲು ತಿಂಗಳುಗಳು. ಬುದ್ಧಿ ಹಲ್ಲಿನ ಜಾಗಕ್ಕೆ ಏನೂ ಕಟ್ಟಿಸುವುದು ಬೇಡ. ಬೇರೆ ಹಲ್ಲಾದರೆ ತೆಗೆದು ಹಾಕುವ ಹಲ್ಲು, ಪಕ್ಕದ ಹಲ್ಲುಗಳಿಗೆ ಆತು ನಿಲ್ಲುವ ಬ್ರಿಜ್ ಅಥವಾ ಮೂಳೆಗೆ ತಿರುಪು ಕೂರಿಸಿ ಕಟ್ಟುವ ಇಂಪ್ಲಾಂಟ್, ಯಾವುದು ಅಂತ ಒಂದೆರಡು ತಿಂಗಳೊಳಗೆ ಮಾತಾಡಿ, ವರ್ಷಗಟ್ಟಲೆ ಬಿಡಬೇಡಿ. ಎಲ್ಲಾ ಹಲ್ಲು ಹೋದ, ಬಿಪಿಎಲ್ ಕಾರ್ಡಿರುವ ಹಿರಿಯರು ಮನೆಯಲ್ಲಿದ್ದರೆ ಉಚಿತವಾಗಿ ಹಲ್ಲಿನ ಸೆಟ್ ಕೊಡುವ ದಂತ ಭಾಗ್ಯ ಯೋಜನೆಯ ಬಗ್ಗೆ ಹತ್ತಿರದ ದಂತ ಕಾಲೇಜಿನಲ್ಲಿ ವಿಚಾರಿಸಿ.

ಕಿತ್ತ ಹಲ್ಲನ್ನು ಕೇಳಿದೆ, ತೊಳೆದು ಸಣ್ಣ ಕವರಿನಲ್ಲಿ ಕೊಟ್ಟರು. ಎರಡು ತುಂಡು, ಬೇರು ಕೊಕ್ಕೆಯ ಹಾಗೆ ಬಾಗಿತ್ತು. ಮನೆಗೆ ತಂದು ಅಮ್ಮನಿಗೆ ತೋರಿಸಿ, ಚಿಕ್ಕವನಿದ್ದಾಗ ಮಾಡಿದ ಹಾಗೆ ಸಗಣಿ ಉಂಡೆಯಲ್ಲಿ ಇಟ್ಟು ಹಂಚಿನ ಮೇಲೆ ಎಸೆಯಲಾ ಅಂದೆ, ಬಾಯಲ್ಲಿ ಹತ್ತಿ ಇದ್ದುದರಿಂದ ಅರ್ಧ ಕೈಸನ್ನೆಯಲ್ಲೇ. ಅಮ್ಮ ಹಲ್ಲನ್ನೂ ನನ್ನನ್ನೂ ನೋಡಿ, "ಅದು ಹಾಲುಹಲ್ಲಿಗೆ ಕಣೋ. ಇದಕ್ಕೆ ಇನ್ನೊಂದು ಬರಲ್ಲ, ಬಾಯಿ ಮುಚ್ಕೊಂಡು ಹತ್ತಿ ಕಚ್ಚು" ಅಂದರು.